ತೋಳಿನ ಡಾಕ್ಟರಿಗೆ ಟೈಲರ್ ಪ್ರಶ್ನೆ

ಮೊದಲು ಮೂಗು, ಆಮೇಲೆ ಹೊಟ್ಟೆ, ಆಮೇಲೆ ತಲೆಗೂದಲು. ಚಂದಕ್ಕಾಗಿ ಆಪರೇಷನ್ ಮಾಡಿಸಿಕೊಳ್ಳುವ ಬೆಂಗಳೂರಿನಲ್ಲಿ ಈಗ ತೋಳಿನ ಸರದಿ.

ಈ ಕಾಯಿಲೆ ಪತ್ತೆಯಾಗುವುದು ರಿಸೆಪ್ಷನ್ ಆಲ್ಬಂ ಮನೆಗೆ ಬಂದ ದಿನ. ಚಿಕ್ಕಮ್ಮ ಅಕ್ಷತೆ ಹಾಕಲು ಕೈ ಎತ್ತಿದ ಗಳಿಗೆಯಲ್ಲೇ ಫೋಟೊಗ್ರಾಫರ್ ಕ್ಲಿಕ್ ಮಾಡಿರುತ್ತಾನೆ. ಅಲ್ಲಿಯವರೆಗೆ ಅದೇ ತೋಳು ರಾಗಿಮುದ್ದೆ ತಿರುವಿತ್ತು, ಮೊಮ್ಮಕ್ಕಳನ್ನು ಎತ್ತಿತ್ತು, ಮೆಜೆಸ್ಟಿಕ್ ಬಸ್ಸಿನ ಕಂಬಿ ಹಿಡಿದು ನೇತಾಡಿತ್ತು. ಯಾರೂ ಒಂದು ಮಾತು ಅಂದಿರಲಿಲ್ಲ. ಈಗ ನೋಡಿದರೆ ಅದು ಜೋಲುತ್ತಿದೆಯಂತೆ. ಫ್ಯಾಮಿಲಿ ಗ್ರೂಪಿನಲ್ಲಿ ಜೂಮ್ ಮಾಡಿ ನೋಡಿದವರೇ ಹೇಳಿದ್ದಾರೆ.

ಇದಕ್ಕೆ ಪರಿಹಾರದ ಹೆಸರು ಬ್ರೇಕಿಯೊಪ್ಲಾಸ್ಟಿ. ಮೇಲ್ತೋಳಿನಲ್ಲಿ ಜೋತುಬಿದ್ದ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಕತ್ತರಿಸಿ ತೆಗೆದು, ಉಳಿದದ್ದನ್ನು ಬಿಗಿಯಾಗಿ ಹೊಲಿಯುತ್ತಾರೆ. ನಮ್ಮ ಜನರ ಕಿವಿಗೆ ಬೀಳುವುದು ಎರಡೇ ಮಾತು. ಕತ್ತರಿಸುತ್ತಾರೆ, ಹೊಲಿಯುತ್ತಾರೆ. ಹಾಗಾಗಿ ಟೈಲರ್ ಹತ್ತಿರ ಕೇಳುವ ಪ್ರಶ್ನೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಡಾಕ್ಟರ ಹತ್ತಿರ ಹೋಗುತ್ತಾರೆ.

"ಯಾವತ್ತಿಗೆ ರೆಡಿ ಮಾಡ್ಕೊಡ್ತೀರಾ ಡಾಕ್ಟ್ರೇ? ಮುಂದಿನ ತಿಂಗಳು ಗೃಹಪ್ರವೇಶ ಇದೆ."

"ಮತ್ತೆ ದಪ್ಪ ಆದ್ರೆ ಬಿಚ್ಚಿ ಸರಿ ಮಾಡಬಹುದಾ? ಒಳಗಡೆ ಸ್ವಲ್ಪ ಬಟ್ಟೆ, ಅಯ್ಯೋ, ಚರ್ಮ ಬಿಟ್ಟಿರ್ತೀರಾ?"

"ಎಡತೋಳು ಹೆಂಗಿದ್ರೂ ಸೆರಗಲ್ಲಿ ಮುಚ್ಚುತ್ತೆ. ಬಲಗಡೆ ಒಂದಕ್ಕೇ ಮಾಡಿದ್ರೆ ಅರ್ಧ ರೇಟಾ?"

ಈ ಕೊನೆಯ ಪ್ರಶ್ನೆಗೆ ನಾನು ಮನಸಾರೆ ಕೈ ಮುಗಿಯುತ್ತೇನೆ. ಇಷ್ಟು ಲೆಕ್ಕಾಚಾರ ವಿಧಾನಸೌಧದಲ್ಲಿ ಇದ್ದಿದ್ದರೆ ನಮ್ಮ ಫ್ಲೈಓವರ್‌ಗಳೆಲ್ಲ ಅರ್ಧ ರೇಟಿಗೆ ಮುಗಿಯುತ್ತಿದ್ದವು.

ಹಾಗಾದರೆ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಎಲ್ಲಿಗೆ ಹೋಯಿತು? ಟೈಲರ್ ಹತ್ತಿರ. "ಅಣ್ಣಾ, ಈ ಆಪರೇಷನ್ ಸೇಫಾ?" ಅಳತೆ ಟೇಪು ಕೊರಳಿಗೆ ಹಾಕಿಕೊಂಡವನು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಹೇಳುತ್ತಾನೆ, "ಏನೂ ಆಗಲ್ಲ ಮೇಡಂ, ನಮ್ಮ ಕಸ್ಟಮರ್ ಒಬ್ರು ಮಾಡಿಸಿದ್ದಾರೆ." ಸೆಕೆಂಡ್ ಒಪಿನಿಯನ್ ಅಲ್ಲಿಗೆ ಮುಗಿಯಿತು. ಥರ್ಡ್ ಒಪಿನಿಯನ್ ಬೇಕಿದ್ದರೆ ಜಿಮ್ ಹುಡುಗ ಇದ್ದಾನೆ. ಡಂಬೆಲ್ ಎತ್ತಿದರೆ ಎಲ್ಲ ಸರಿಹೋಗುತ್ತದೆ ಅಂತ ಅವನ ಹಟ. ಡಂಬೆಲ್ ಎತ್ತಿದರೆ ಸ್ನಾಯು ಬೆಳೆಯುತ್ತದೆ, ಸರಿ. ಸಡಿಲವಾದ ಚರ್ಮ ಅದರಿಂದ ಬಿಗಿಯಾಗುವುದಿಲ್ಲ. ಆದರೆ ಅವನು ಆರು ತಿಂಗಳ ಮೆಂಬರ್‌ಶಿಪ್ ಮಾರಬೇಕಲ್ಲ.

ಕ್ಲಿನಿಕ್‌ಗಳೂ ಹಿಂದೆ ಬಿದ್ದಿಲ್ಲ. ಆಷಾಢದಲ್ಲಿ ಸೀರೆಗೆ ಡಿಸ್ಕೌಂಟ್, ಫ್ರಿಜ್ಜಿಗೆ ಡಿಸ್ಕೌಂಟ್, ತೋಳಿಗೆ ಯಾಕೆ ಬೇಡ? ಹೇಗಿದ್ದರೂ ಆ ತಿಂಗಳು ಮದುವೆ ಮುಂಜಿ ಇಲ್ಲ. ಆಷಾಢದಲ್ಲಿ ಕೊಯ್ಯಿಸಿಕೊಳ್ಳಿ, ಶ್ರಾವಣಕ್ಕೆ ಸ್ಲೀವ್‌ಲೆಸ್ ಹಾಕಿಕೊಳ್ಳಿ. ಕೇಳಲು ಎಷ್ಟು ಚೆಂದ!

ಶ್ರಾವಣದಲ್ಲಿ ನಿಜವಾಗಿ ಏನಾಗುತ್ತದೆ ಅಂತ ನೋಡೋಣ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ತೋಳಿಗೆ ಬಿಗಿಯಾದ ಪಟ್ಟಿಯಂಥ ಉಡುಪು ಹಾಕಿಕೊಂಡಿರಬೇಕು. ಮೊದಲ ಕೆಲವು ವಾರ ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ, ಭಾರ ಎತ್ತುವಂತಿಲ್ಲ. ಅಂದರೆ ವರಮಹಾಲಕ್ಷ್ಮಿ ಹಬ್ಬದ ದಿನ ಕಲಶ ಎತ್ತಿಡಲು ಪಕ್ಕದ ಮನೆಯವರನ್ನು ಕರೆಯಬೇಕು. ತೋರಣ ಕಟ್ಟಲು ಗಂಡನನ್ನು ಏಣಿ ಹತ್ತಿಸಬೇಕು. ಮೆಟ್ರೋದಲ್ಲಿ ಮೇಲಿನ ಹಿಡಿ ಹಿಡಿಯಲಾಗದೆ ಅಪರಿಚಿತರ ಮೇಲೆ ಬೀಳಬೇಕು. ಊತ ಪೂರ್ತಿ ಇಳಿಯಲು ತಿಂಗಳುಗಳು ಬೇಕು. ಸ್ಲೀವ್‌ಲೆಸ್ ಶ್ರಾವಣ ಬರುತ್ತದೆ, ಈ ವರ್ಷದ್ದಲ್ಲ ಅಷ್ಟೆ.

ಇನ್ನು ಕಲೆಯ ವಿಷಯ. ಕಂಕುಳಿನಿಂದ ಹೊರಟು, ತೋಳಿನ ಒಳಬದಿಯಲ್ಲೋ ಹಿಂಬದಿಯಲ್ಲೋ ಹಾದು, ಮೊಣಕೈ ಹತ್ತಿರದವರೆಗೆ ಒಂದು ಗೆರೆ ಉಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ಅದು ಕೆಂಪಗೆ ಉಬ್ಬಿರುತ್ತದೆ. ಮಾಸಲು ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಪೂರ್ತಿ ಹೋಗುವುದಿಲ್ಲ. ನಮ್ಮಂಥ ಕಂದು ಚರ್ಮದವರಿಗೆ ಗಾಯದ ಕಲೆ ದಪ್ಪಗೆ ಬೆಳೆದು ಕೀಲಾಯ್ಡ್ ಆಗುವ ಸಾಧ್ಯತೆಯೂ ಜಾಸ್ತಿ. ಸ್ಲೀವ್‌ಲೆಸ್ ಹಾಕುವ ಆಸೆಗೆ ಆಪರೇಷನ್ ಮಾಡಿಸಿಕೊಂಡವರು, ಆಪರೇಷನ್ ಕಲೆ ಮುಚ್ಚಲು ಮುಕ್ಕಾಲು ತೋಳಿನ ಬ್ಲೌಸ್ ಹೊಲಿಸಲು ಮತ್ತೆ ಅದೇ ಟೈಲರ್ ಹತ್ತಿರ ಬರುತ್ತಾರೆ. ಅವನಿಗಂತೂ ಎರಡೂ ಕಡೆ ಲಾಭ. ಮುಕ್ಕಾಲು ತೋಳನ್ನು ಮೊದಲೇ ಹೊಲಿಸಿದ್ದರೆ ಏಳುನೂರೋ ಎಂಟುನೂರೋ ರೂಪಾಯಲ್ಲಿ ಮುಗಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಹೇಳಿದರೆ ನನಗೆ ಫ್ಯಾಷನ್ ಗೊತ್ತಿಲ್ಲ ಅಂತಾರೆ.

"ಹಾಗಾದ್ರೆ ಕಲೆ ಇಲ್ಲದ್ದು ಮಾಡಿ, ಆ ಲೈಪೊಸಕ್ಷನ್ನು." ಇದೂ ಕೌಂಟರಿನಲ್ಲಿ ಬಿಲ್ ಹಾಕಿಸುವಷ್ಟು ಸಲೀಸಾಗಿ ಬರುವ ಮಾತು. ಸಣ್ಣ ತೂತಿನಿಂದ ನಳಿಕೆ ಹಾಕಿ ಕೊಬ್ಬು ಎಳೆದರೆ ಕಲೆ ಚಿಕ್ಕದು, ಸರಿ. ಆದರೆ ಚರ್ಮದಲ್ಲಿ ಬಿಗಿ ಉಳಿದಿದ್ದವರಿಗೆ ಮಾತ್ರ ಅದು ಹೊಂದುತ್ತದೆ. ಚರ್ಮವೇ ಜೋತುಬಿದ್ದಿದ್ದರೆ ಒಳಗಿನದನ್ನು ತೆಗೆದ ಮೇಲೆ ಇನ್ನಷ್ಟು ಜೋಲುತ್ತದೆ.

ಜನರ ತಪ್ಪು ಅಂತ ಪೂರ್ತಿ ಹೇಳಲಾಗದು. ಸರ್ಕಾರಕ್ಕೇ ಗೊಂದಲವಿದೆ. ಜಿಎಸ್‌ಟಿ ಸೇವೆಗಳ ಪಟ್ಟಿಯಲ್ಲಿ 999722 ಅಂತ ಒಂದು ಸಂಖ್ಯೆ ಇದೆ. ಅದರ ಅಡಿಯಲ್ಲಿ ಕಾಸ್ಮೆಟಿಕ್ ಸರ್ಜರಿ, ಮ್ಯಾನಿಕ್ಯೂರ್, ಪೆಡಿಕ್ಯೂರ್ ಮೂರೂ ಒಂದೇ ಸಾಲಿನಲ್ಲಿ ಕೂತಿವೆ. ಉಗುರು ತಿದ್ದುವುದೂ ತೋಳು ಕೊಯ್ಯುವುದೂ ತೆರಿಗೆಯವರ ಕಣ್ಣಿಗೆ ಅಕ್ಕತಂಗಿಯರು. ಅದಕ್ಕೇ ಇರಬೇಕು, ಅರಿವಳಿಕೆ ಕೊಡುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಪಾರ್ಲರಿನಲ್ಲಿ ಕೇಳುತ್ತೇವಾ?

ಇನ್ಶೂರೆನ್ಸ್ ಕಂಪನಿ ಮಾತ್ರ ಗೊಂದಲಪಡುವುದಿಲ್ಲ. ಚಂದಕ್ಕಾಗಿ ಮಾಡಿಸಿದರೆ ಒಂದು ರೂಪಾಯಿಯೂ ಇಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಅಂಗ ಸರಿಪಡಿಸಲು ಬೇಕಾದರೆ, ಅಥವಾ ವೈದ್ಯಕೀಯವಾಗಿ ಅಗತ್ಯವಾದರೆ ಆಗ ನೋಡೋಣ ಅನ್ನುತ್ತದೆ. ವೈಟ್‌ಫೀಲ್ಡ್ ಕಡೆಯ ಟೆಕ್ಕಿಗಳು ಇದಕ್ಕೂ ದಾರಿ ಹುಡುಕುತ್ತಾರೆ. "ಕೀಬೋರ್ಡ್ ಒತ್ತುವಾಗ ತೋಳಿನ ಕೊಬ್ಬು ಅಡ್ಡ ಬರುತ್ತೆ ಅಂತ ಬರೆದುಕೊಡಿ ಡಾಕ್ಟರ್." ಸಿಗದಿದ್ದರೆ ಇಎಂಐ ಇದ್ದೇ ಇದೆ. ತೋಳು ಸಣ್ಣಗಾಗಿ, ಊತ ಇಳಿದು, ಕಲೆ ಮಾಸಿ, ಮತ್ತೆ ಬಿರಿಯಾನಿ ತಿಂದು ದಪ್ಪವಾದ ಮೇಲೂ ಕಂತು ನಡೆಯುತ್ತಿರುತ್ತದೆ.

ಬೇಕಾದವರಿಗೆ ಇದು ಬೇಕು, ಅದನ್ನೂ ಹೇಳಬೇಕು. ಐವತ್ತು ಅರವತ್ತು ಕೆಜಿ ಇಳಿಸಿದವರ ತೋಳಿನಲ್ಲಿ ಚರ್ಮ ಚೀಲದ ಹಾಗೆ ಇಳಿಬಿದ್ದು, ಮಡಿಕೆಯಲ್ಲಿ ಬೆವರಿ, ಹುಣ್ಣಾಗಿ, ಅಂಗಿ ತೊಡಲು ಕಷ್ಟಪಡುತ್ತಾರೆ. ಅಂಥವರು ಬಂದರೆ ಪ್ರಶ್ನೆಗಳೇ ಬೇರೆ ಇರುತ್ತವೆ. ತೂಕ ಎಷ್ಟು ದಿನ ಸ್ಥಿರವಾಗಿರಬೇಕು, ಸಿಗರೇಟು ಯಾವಾಗ ಬಿಡಬೇಕು, ಮುಂಗೈ ಮರಗಟ್ಟಿದರೆ ಸರಿಹೋಗುತ್ತದಾ. ಅವರ ಕೈಯಲ್ಲಿ ಡಿಸ್ಕೌಂಟ್ ಕೂಪನ್ ಇರುವುದಿಲ್ಲ. ಕೆ.ಆರ್. ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಸ್ಕಿನ್ ಬ್ಯಾಂಕ್ ಇದೆ. ಮೈ ಸುಟ್ಟುಕೊಂಡವರಿಗೆ ಹಾಕಲು ಅಲ್ಲಿ ಸತ್ತವರಿಂದ ದಾನ ಪಡೆದ ಚರ್ಮ ಇಡುತ್ತಾರೆ. ಅದೂ ಪ್ಲಾಸ್ಟಿಕ್ ಸರ್ಜರಿಯದೇ ಲೋಕ. ಅಲ್ಲಿಗೆ ಫೋನ್ ಮಾಡಿ ಆಷಾಢದ ಆಫರ್ ಕೇಳಿದವರನ್ನು ನಾನು ಕಂಡಿಲ್ಲ.

2022ರ ಮೇ ತಿಂಗಳಲ್ಲಿ ಇದೇ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸುವ ಆಪರೇಷನ್ನಿಗೆ ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡರು. ಒಂದು ವಾರ ಟಿವಿಯಲ್ಲಿ ಅದೇ ಚರ್ಚೆ ನಡೆಯಿತು. ಆಮೇಲೆ ಚರ್ಚೆಯ ನಡುವೆ ಬಂದ ಜಾಹೀರಾತು ಮಾತ್ರ ನೆನಪಿನಲ್ಲಿ ಉಳಿಯಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಸೌಂದರ್ಯ ಚಿಕಿತ್ಸೆ ಮತ್ತು ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಯೂಟ್ಯೂಬ್ ನೋಡಿದ್ದನ್ನೇ ತರಬೇತಿ ಅನ್ನಲಾಗದು ಅಂತ ಅದರಲ್ಲಿ ಬರೆದಿದೆ. ಗಮನಿಸಿ, ಇದನ್ನು ಹೇಳಿದ್ದು ರೋಗಿಗಳಿಗಲ್ಲ, ಡಾಕ್ಟರುಗಳಿಗೆ. ಹೇಳಬೇಕಾಗಿ ಬಂತಲ್ಲ ಅಂತ ಇನ್ನೊಮ್ಮೆ ಓದಿಕೊಳ್ಳಬಹುದು.

ನಿಜವಾದ ಪ್ರಶ್ನೆ ಕೇಳಲು ಕಷ್ಟವೇನೂ ಇಲ್ಲ. ಕೊಯ್ಯುವವರು ಎಂ.ಸಿಎಚ್. ಅನ್ನುವ ಶಸ್ತ್ರಚಿಕಿತ್ಸೆಯ ಉನ್ನತ ಪದವಿ ಮಾಡಿದ ಪ್ಲಾಸ್ಟಿಕ್ ಸರ್ಜನ್ನಾ? ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರಿದೆಯಾ? ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಅನ್ವಯಿಸುವ ರಾಜ್ಯದ ಕೆಪಿಎಂಇ ಕಾಯ್ದೆಯ ನೋಂದಣಿ ಸಂಖ್ಯೆ ಗೋಡೆ ಮೇಲೆ ಕಾಣುತ್ತಿದೆಯಾ? ಐಸಿಯು ಎಲ್ಲಿ? ಗೋಡೆ ಮೇಲೆ ಕಾಣುವುದು ಸಾಮಾನ್ಯವಾಗಿ ಬಿಫೋರ್, ಆಫ್ಟರ್ ಅಂತ ಎರಡು ಫೋಟೊ. ಎರಡರಲ್ಲೂ ಮುಖ ಇಲ್ಲ. ಆಫ್ಟರ್‌ನಲ್ಲಿ ಲೈಟಿಂಗ್ ಚೆನ್ನಾಗಿದೆ.

ಮೊನ್ನೆ ಒಂದು ಕಡೆ ಸೊಸೆಯ ಜೊತೆ ಅತ್ತೆಯೂ ಬಂದಿದ್ದರು. ಹಾಸನದ ಕಡೆಯವರು. ಸೊಸೆ ಇಎಂಐ, ಗೃಹಪ್ರವೇಶ, ರಜೆ, ಎಲ್ಲ ಕೇಳಿ ಮುಗಿಸಿದಳು. ಟೈ ಕಟ್ಟಿದ್ದ ಕೌನ್ಸೆಲರ್ ಹುಡುಗ ಎಲ್ಲದಕ್ಕೂ ಟ್ಯಾಬ್ಲೆಟ್ ತಿರುಗಿಸಿ ತಿರುಗಿಸಿ ತೋರಿಸಿದ. ಕೊನೆಗೆ ಅತ್ತೆ ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಕೇಳಿದರು.

"ಅಲ್ಲಪ್ಪಾ, ಮಧ್ಯರಾತ್ರಿ ಉಸಿರು ಕಟ್ಟಿದ ಹಾಗಾದ್ರೆ ಡಾಕ್ಟ್ರು ಎಲ್ಲಿರ್ತಾರೆ?"

ಹುಡುಗ ಟ್ಯಾಬ್ಲೆಟ್ ಒರೆಸಿದ. ಆ ಪುಟ ಅದರಲ್ಲಿ ಇರಲಿಲ್ಲ.

"ನಮ್ಮ ಕಸ್ಟಮರ್ ಕೇರ್ 24 ಗಂಟೆ ಇರುತ್ತೆ ಆಂಟಿ," ಅಂದ. "ಕನ್ನಡಕ್ಕೆ ಎರಡು ಒತ್ತಬೇಕು."