ತೆಗೆದುಹಾಕಿದ ಮೌಂಟ್ ಆಪ್ಷನ್‌ಗಳ ವಿವರ ಕೈಪಿಡಿಯಲ್ಲಿ ಉಳಿಯಬೇಕೇ?

ಪರ

ಲಿನಕ್ಸ್‌ನಲ್ಲಿ ಡಿಸ್ಕನ್ನು ಬಳಕೆಗೆ ಜೋಡಿಸುವುದೇ ಮೌಂಟ್, ಅದು ಹೇಗೆ ಆಗಬೇಕು ಅಂತ ಹೇಳುವ ಪದಗಳೇ ಮೌಂಟ್ ಆಪ್ಷನ್‌ಗಳು. ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.19ನೇ ಆವೃತ್ತಿಯಲ್ಲಿ ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ) ನೋಬ್ಯಾರಿಯರ್ ಎಂಬ ಆಪ್ಷನ್ ತೆಗೆದುಹಾಕಿದರು. ಹಳೆಯ ಸರ್ವರ್ ಒಂದರ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಯಾವ ಡಿಸ್ಕ್ ಹೇಗೆ ಮೌಂಟ್ ಆಗಬೇಕು ಅಂತ ಬರೆದಿಡುವ ಫೈಲ್) ಆ ಒಂದು ಪದ ಹಾಗೇ ಉಳಿದಿದೆ ಅಂದುಕೊಳ್ಳಿ. ಹೊಸ ಕರ್ನಲ್ ಹಾಕಿ ರೀಬೂಟ್ ಮಾಡಿದರೆ ಆ ಡಿಸ್ಕ್ ಮೌಂಟ್ ಆಗುವುದಿಲ್ಲ. ಜೊತೆಗೆ, ಮೌಂಟ್ ಆಗದಿದ್ದರೂ ಬೂಟ್ ಮುಂದುವರಿಸು ಎನ್ನುವ ನೋಫೇಲ್ ಬರೆದಿಲ್ಲದಿದ್ದರೆ ಯಂತ್ರ ದುರಸ್ತಿಗೆಂದಿರುವ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡಬಹುದು. ಮೌಂಟ್ ಕಮಾಂಡ್ ಕೊಡುವ ಸಂದೇಶವೋ, ಫೈಲ್‌ಸಿಸ್ಟಮ್ ಬಗೆ ತಪ್ಪು, ಆಪ್ಷನ್ ತಪ್ಪು, ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್‌ನ ಮೂಲ ಮಾಹಿತಿ ಇರುವ ಭಾಗ) ಕೆಟ್ಟಿದೆ ಅಂತ ಎಲ್ಲ ಅನುಮಾನವನ್ನೂ ಒಂದೇ ಸಾಲಿನಲ್ಲಿ ಹೇಳುತ್ತದೆ. ಡಿಸ್ಕೇ ಹೋಯ್ತಾ ಅಂತ ಎದೆ ಝಲ್ ಅನ್ನುವುದು ಸಹಜ ಅಲ್ವಾ?

ಆಗ ಅಡ್ಮಿನ್ ಕೈಪಿಡಿ ತೆರೆಯುತ್ತಾರೆ. ಅಲ್ಲಿ ಆ ಹೆಸರೇ ಇಲ್ಲದಿದ್ದರೆ ಅದು ಅಕ್ಷರದೋಷವೋ, ಎಂದೋ ಇದ್ದ ಆಪ್ಷನ್ನೋ ತಿಳಿಯುವುದಿಲ್ಲ. ಎಕ್ಸ್‌ಎಫ್‌ಎಸ್‌ನ ಕರ್ನಲ್ ಕೈಪಿಡಿಯಲ್ಲಿ ತೆಗೆದ ಆಪ್ಷನ್‌ಗಳಿಗೇ ಒಂದು ಪಟ್ಟಿ ಇದೆ: ಹೆಸರು, ಯಾವ ಆವೃತ್ತಿಯಲ್ಲಿ ಹೋಯಿತು, ಅಷ್ಟೇ. ಆ ಒಂದು ಸಾಲು ರಾತ್ರಿಯಿಡೀ ಹುಡುಕುವುದನ್ನು ತಪ್ಪಿಸುತ್ತದೆ. ಏಕೆ ತೆಗೆದರು ಅಂತಲೂ ಬರೆದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಎಕ್ಸ್‌ಟಿ4 ಎಂಬ ಇನ್ನೊಂದು ಫೈಲ್‌ಸಿಸ್ಟಮ್‌ನ ಮ್ಯಾನ್ ಪೇಜ್ (ಕೈಪಿಡಿಯ ಪುಟ) ಬರುವುದು ಇ2ಎಫ್‌ಎಸ್‌ಪ್ರಾಗ್ಸ್ ಎಂಬ ಬೇರೆ ಪ್ಯಾಕೇಜಿನಲ್ಲಿ, ಕರ್ನಲ್ ಜೊತೆ ಅಲ್ಲ. ಪುಟ ಹೊಸದು, ಕರ್ನಲ್ ಹಳೆಯದು ಆಗಿರಬಹುದು. ಅಂಥ ಪುಟದಿಂದ ಹಳೆಯದನ್ನು ಅಳಿಸಿದರೆ, ಇನ್ನೂ ಕೆಲಸ ಮಾಡುತ್ತಿರುವ ಆಪ್ಷನ್‌ಗೇ ವಿವರ ಇಲ್ಲದಂತಾಗುತ್ತದೆ.

ವಿರೋಧ

ಕೈಪಿಡಿ ಇವತ್ತಿನ ಕೋಡ್ ಏನು ಮಾಡುತ್ತದೆ ಅಂತ ಹೇಳಬೇಕು. 4.18ರ ಕೈಪಿಡಿ 4.18ರ ಸೋರ್ಸ್ ಜೊತೆಯಲ್ಲೇ ಇದೆ. ಬೇಕಾದವರು ಅಲ್ಲಿ ಓದಲಿ.

ಜನ ಪುಟವನ್ನು ಮೊದಲಿನಿಂದ ಓದುವುದಿಲ್ಲ, ಹೆಸರು ಹುಡುಕಿ ನೇರವಾಗಿ ಆ ಸಾಲಿಗೆ ಬರುತ್ತಾರೆ. ಮೇಲಿನ ‘ತೆಗೆದುಹಾಕಲಾಗಿದೆ’ ಎಂಬ ತಲೆಬರಹ ಕಣ್ಣಿಗೇ ಬೀಳುವುದಿಲ್ಲ. ಎಫ್‌ಎಸ್‌ಟ್ಯಾಬ್ ಸಾಲುಗಳು ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಲೇ ಇರುತ್ತವೆ. ಫೈಲನ್ನು ಕೊನೆಯದಾಗಿ ಓದಿದ ಸಮಯವನ್ನು ಕೆಲವು ಸಲ ಮಾತ್ರ ದಾಖಲಿಸುವ ರೆಲಟೈಮ್ ಆಪ್ಷನ್ 2009ರಲ್ಲಿ, ಕರ್ನಲ್ 2.6.30ರಿಂದಲೇ ಡೀಫಾಲ್ಟ್ ಆಯಿತು. ಆದರೂ ಅದನ್ನು ಸುಮ್ನೆ ಬರೆಯುವವರಿದ್ದಾರೆ. ಆ ಸಮಯ ದಾಖಲಿಸಲೇ ಬೇಡ ಎನ್ನುವ ನೋಎಟೈಮ್ ಡೈರೆಕ್ಟರಿಗಳಿಗೂ ಸೇರಿಯೇ ಅನ್ವಯಿಸುತ್ತದೆ. ಆದರೂ ಅದರ ಪಕ್ಕದಲ್ಲಿ, ಡೈರೆಕ್ಟರಿಗಳಿಗೆ ಮಾತ್ರ ಹಾಗೆ ಹೇಳುವ ನೋಡಿರ್‌ಎಟೈಮ್ ಬರೆಯುವುದು ಹೋಗಿಲ್ಲ. ಇದ್ದದ್ದೇ ಹೀಗಿರುವಾಗ ಸತ್ತ ಹೆಸರುಗಳನ್ನೂ ಕೈಪಿಡಿಯಲ್ಲಿ ಇಡುವುದೇಕೆ?

ಅಡ್ಮಿನ್‌ಗೆ ಸಹಾಯ ಬೇಕು, ನಿಜ. ಆದರೆ ಅದು ಯಂತ್ರ ನಿಂತುಹೋಗುವ ಮುಂಚೆ ಬರಬೇಕು. ನೋಬ್ಯಾರಿಯರ್ ತೆಗೆಯುವ ಮೊದಲು ಎಕ್ಸ್‌ಎಫ್‌ಎಸ್ ಕರ್ನಲ್ ಲಾಗ್‌ನಲ್ಲೇ ಎಚ್ಚರಿಕೆ ಕೊಡುತ್ತಿತ್ತು. ಕೈಪಿಡಿ ತೆರೆಯದವರ ಯಂತ್ರದಲ್ಲೂ ಆ ಸಾಲು ಬರುತ್ತಿತ್ತು. ಕೈಪಿಡಿ ತಿದ್ದುವವರ ಸಮಯ ಈಗ ಬಳಕೆಯಲ್ಲಿರುವ ಆಪ್ಷನ್‌ಗಳಿಗೆ ಹೋಗಲಿ: ಡೀಫಾಲ್ಟ್ ಏನು, ರೀಮೌಂಟ್‌ನಲ್ಲಿ ಬದಲಾಯಿಸಬಹುದಾ, ಕರೆಂಟ್ ಹೋದರೆ ಎಷ್ಟು ಸೆಕೆಂಡಿನ ಡೇಟಾ ಹೋಗಬಹುದು. ಎಷ್ಟು ಸೆಕೆಂಡಿಗೊಮ್ಮೆ ಡೇಟಾ ಡಿಸ್ಕಿಗೆ ಬರೆಯಬೇಕು ಅಂತ ಹೇಳುವ ಎಕ್ಸ್‌ಟಿ4ನ ಕಮಿಟ್ ಆಪ್ಷನ್ ಡೀಫಾಲ್ಟ್ 5 ಸೆಕೆಂಡ್. ಅದನ್ನು 60 ಮಾಡಿದರೆ ಏನೇನು ಕಳೆದುಕೊಳ್ಳಬಹುದು ಅಂತ ಬಿಡಿಸಿ ಬರೆಯುವ ಕೆಲಸ ಮೊದಲು ಆಗಲಿ.