ರಿಪೋರ್ಟ್ ನಾರ್ಮಲ್ ಅಂತೆ, ನೋವು ಮನಸ್ಸಲ್ಲಂತೆ!

ಇವತ್ತು ಫಿಸಿಯೋಥೆರಪಿಗೆ ಕಾಯ್ತಾ ಕೂತಿದ್ದಾಗ ಪಕ್ಕದ ಹುಡುಗಿಗೆ ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದು ತಲೆ ಕೆಟ್ಟೋಯ್ತು. ಮೂಳೆ ಕೂಡಿದೆ, ಎಕ್ಸ್‌ರೇ ಕ್ಲಿಯರ್, ಮೆಗ್ನೀಸಿಯಮ್ಮೂ ನಾರ್ಮಲ್, ಇನ್ನೂ ನೋವು ಅಂದ್ರೆ ಮನಸ್ಸಲ್ಲೇ ಇರಬೇಕು ಅಂತ. ಅವಳೋ ಬಟ್ಟೆ ಅಂಚು ಮಣಿಕಟ್ಟಿಗೆ ತಾಗಬಾರದು ಅಂತ ಅಂಗಿ ತೋಳು ಮೇಲಕ್ಕೆ ಮಡಚಿದ್ಲು, ಫ್ಯಾನ್ ಗಾಳಿ ಬಡಿದ್ರೂ ಕೈ ಎಳ್ಕೊಳ್ತಿದ್ಲು, ಒಂದು ಕೈ ಕೆಂಪು ಇನ್ನೊಂದು ಮಾಮೂಲಿ. ಇದೂ ಮನಸ್ಸಲ್ಲೇನಾ ಸ್ವಾಮಿ?

ನನ್ನ ಮಣಿಕಟ್ಟಿಗೂ ಇದೇ ಸಿಆರ್‌ಪಿಎಸ್ (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಅಂದ್ರೆ ಪೆಟ್ಟು ವಾಸಿಯಾದ್ಮೇಲೂ ಬಿಡದೆ ಕಾಡೋ ನೋವಿನ ಕಾಯಿಲೆ) ಕಾಟ, ಆ ಪುರಾಣ ನಿಮಗೆಲ್ಲ ಗೊತ್ತು, ಬಿಡಿ. ನಂಗೆ ಉರಿಯೋದು ಈ 'ನಾರ್ಮಲ್' ಬಗ್ಗೆ. ಮೈಯಲ್ಲಿ ಮೆಗ್ನೀಸಿಯಂ ಇರೋದು ಸುಮಾರು 25 ಗ್ರಾಂ, ಅದರಲ್ಲಿ ಅರ್ಧಕ್ಕೂ ಹೆಚ್ಚು ಮೂಳೆಯಲ್ಲಿ, ಉಳಿದದ್ದು ಬಹುಪಾಲು ಸ್ನಾಯು, ಜೀವಕೋಶಗಳೊಳಗೆ, ಪರೀಕ್ಷೆ ಮಾಡೋ ಸೀರಂನಲ್ಲಿ, ಅಂದ್ರೆ ರಕ್ತದ ನೀರಿನ ಭಾಗದಲ್ಲಿ, ಸಿಗೋದು ಶೇ. 1ಕ್ಕೂ ಕಡಿಮೆ. ಜೇಬಿನ ಚಿಲ್ಲರೆ ಎಣಿಸಿ ಸಾಲಾನೇ ಇಲ್ಲ ಅಂದ ಹಾಗಾಯ್ತು. ವರ್ಷಗಟ್ಟಲೆ ಆಸಿಡಿಟಿ ಮಾತ್ರೆ ತಗೊಳ್ತಿದೀರಾ, ಮೂತ್ರ ಹೋಗೋ ಮಾತ್ರೆ ತಗೊಳ್ತಿದೀರಾ ಅಂತ ಯಾರೂ ಕೇಳಲ್ಲ, ಇವೆರಡೂ ಮೆಗ್ನೀಸಿಯಂ ಇಳಿಸಬಹುದು.

ನರಕ್ಕೂ ಇದಕ್ಕೂ ಸಂಬಂಧ ಇಲ್ವಾ ಅಂದ್ರೆ ಇದೆ. ಬೆನ್ನುಹುರಿಯ ನರಕೋಶಗಳಲ್ಲಿ ನೋವಿನ ಸಂದೇಶ ಒಳಗೆ ಬಿಡೋ ಎನ್‌ಎಂಡಿಎ ರಿಸೆಪ್ಟರ್ ಅಂತ ಒಂದಿದೆ, ಅದರ ಬಾಗಿಲಿಗೆ ಅಡ್ಡ ಕೂತಿರೋದೇ ಮೆಗ್ನೀಸಿಯಂ. ಪೆಟ್ಟಿನ ನೋವು ಬಿಡದೆ ಬಡಿತಾ ಇದ್ರೆ ಆ ಅಡ್ಡ ಸರಿಯುತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ನರ ಕೆರಳುತ್ತೆ, ಆಮೇಲೆ ಹತ್ತಿ ತಾಗಿದ್ರೂ ಕೆಂಡ ಇಟ್ಟ ಹಾಗೆ.

ಹಾಗಾದ್ರೆ ಮೆಗ್ನೀಸಿಯಂ ಮಾತ್ರೆ ನುಂಗಿದ್ರೆ ವಾಸಿ ಅಂತೀರಾ ಅಂತ ಯಾರೋ ಬರ್ತಾರೆ, ಗೊತ್ತು. ಇಲ್ಲಪ್ಪ, ಸಿಆರ್‌ಪಿಎಸ್ ಇರೋರಿಗೆ ಡ್ರಿಪ್ಪಲ್ಲಿ ಕೊಟ್ಟು ನೋಡಿದಾಗಲೂ ದೊಡ್ಡ ಲಾಭ ಕಾಣಲಿಲ್ಲ, ಕಿಡ್ನಿ ಸರಿ ಇಲ್ಲದವರು ತಮ್ಮಷ್ಟಕ್ಕೆ ತಗೊಂಡ್ರೆ ಅಪಾಯ ಬೇರೆ. ಒಪ್ದೆ. ಆದ್ರೆ ನಾನು ಮಾತ್ರೆ ಕೇಳ್ತಿಲ್ವಲ್ಲ! ಒಂದು ನಂಬರ್ ತೋರಿಸಿ ಬಾಯಿ ಮುಚ್ಚಿಸಬೇಡಿ ಅಂತಿದೀನಿ ಅಷ್ಟೆ. ಸಿಆರ್‌ಪಿಎಸ್ ಗುರುತಿಸೋ ಬುಡಾಪೆಸ್ಟ್ ಮಾನದಂಡದಲ್ಲಿ ರಕ್ತಪರೀಕ್ಷೆನೇ ಇಲ್ಲ, ಬಣ್ಣ, ಬಿಸಿ, ಊತ, ಬೆವರು, ಮುಟ್ಟಿದ್ರೆ ನೋವು, ಕೈ ಅಲ್ಲಾಡಿಸೋಕೆ ಆಗುತ್ತಾ, ಇಂಥ ಲಕ್ಷಣಗಳನ್ನೇ ನೋಡೋದು. 1864ರಲ್ಲೇ ಅಮೆರಿಕದ ಡಾಕ್ಟರ್ ವೇರ್ ಮಿಚೆಲ್ ಮತ್ತವರ ಜೊತೆಗಾರರು ಗುಂಡೇಟು ತಿಂದ ಸೈನಿಕರ ಉರಿನೋವನ್ನ ಬರೆದಿಟ್ರು, ಅವರ ಹತ್ರ ಯಾವ ಲ್ಯಾಬ್ ರಿಪೋರ್ಟ್ ಇತ್ತು? ಸೈನಿಕ ಹೇಳಿದ್ದನ್ನ ಕೂತು ಕೇಳಿದ್ರು.

ಪಾಸಿಟಿವ್ ಆಗಿ ಯೋಚನೆ ಮಾಡಿ ಅನ್ನೋರು ಕಮೆಂಟ್ ಹಾಕೋ ಮುಂಚೆ ಇನ್ನೊಂದ್ಸಲ ಯೋಚಿಸಿ, ಇವತ್ತು ನನ್ನ ಕೈಯೂ ಉರೀತಿದೆ, ಬಾಯಿ ಅದಕ್ಕಿಂತ ಜಾಸ್ತಿ.