ಹೆಸರು ಹೋಯ್ತು, ತಪ್ಪು ಉಳೀತು

ಮೊನ್ನೆ ರಾತ್ರಿ ಹನ್ನೊಂದಕ್ಕೆ ನಮ್ಮ ವಿಜ್ಞಾನ ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂತು. ಹತ್ತನೇ ತರಗತಿ, ವಿದ್ಯುಚ್ಛಕ್ತಿ ಪಾಠದ ನೋಟ್ಸ್. ಪ್ರತಿ ಪುಟದಲ್ಲೂ ಅಡ್ಡಡ್ಡ ಯಾರದೋ ಯೂಟ್ಯೂಬ್ ಚಾನೆಲ್ಲಿನ ಹೆಸರು. ಕೆಳಗೆ ‘ಅನುಮತಿ ಇಲ್ಲದೆ ಹಂಚುವಂತಿಲ್ಲ’ ಅಂತ ಕೆಂಪಕ್ಷರ. ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಮೂರನೇ ಪುಟಕ್ಕೆ ಹೋದೆ. 12 ಓಮ್ ಮತ್ತು 6 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 18 ಓಮ್ ಅಂತಿತ್ತು. ಬರಬೇಕಾದ್ದು 4. ಆಗ ಗ್ಯಾರಂಟಿ ಆಯ್ತು, ಇದು ನನ್ನದೇ ನೋಟ್ಸು! ನಾಲ್ಕು ವರ್ಷದ ಹಿಂದೆ ನಿದ್ದೆಗಣ್ಣಲ್ಲಿ ಸರಣಿ ಜೋಡಣೆಯ ಲೆಕ್ಕ ಹಾಕಿ ಎರಡನ್ನೂ ಸುಮ್ಮನೆ ಕೂಡಿಸಿಬಿಟ್ಟಿದ್ದೆ.

ನನ್ನ ಹೆಸರನ್ನು ಅಷ್ಟು ಮುತುವರ್ಜಿಯಿಂದ ಅಳಿಸಿದ ಪುಣ್ಯಾತ್ಮ ತಪ್ಪನ್ನು ಮಾತ್ರ ಮುಟ್ಟಿಲ್ಲ. ಮೇಲೆ ಆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದ ಮಾಲು. ಕೆಳಗೆ ‘ಸೂಪರ್ ಸರ್’, ‘ತುಂಬಾ ಉಪಯುಕ್ತ ಸರ್’, ಹೆಬ್ಬೆರಳುಗಳ ಸಾಲು.

ಇದಕ್ಕೆಲ್ಲ ಈಗ ‘ಸಂಪನ್ಮೂಲ ಹಂಚಿಕೆ’ ಅಂತ ಹೆಸರು. ಹೋದ ತಿಂಗಳು ಫ್ಲಿಪ್ಡ್ ಕ್ಲಾಸ್‌ರೂಮ್ ಬಗ್ಗೆ ಎರಡು ದಿನದ ತರಬೇತಿ ಇತ್ತು. ಪಾಠ ಮನೆಯಲ್ಲಿ ವಿಡಿಯೊ ನೋಡಿ ಕಲಿಯುವುದು, ಹೋಮ್‌ವರ್ಕ್ ಶಾಲೆಯಲ್ಲಿ ಮಾಡುವುದು. ಕನ್ನಡದಲ್ಲಿ ‘ಮಗುಚಿದ ತರಗತಿ’ ಅಂದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಆ ಪದ ಹೇಳಬಾರದಿತ್ತು. ಆಮೇಲೆ ನನಗೆ ಕಂಡದ್ದು ಬರೀ ದೋಸೆ. ಮಗುಚೋದಕ್ಕೂ ಒಂದು ಹದ ಇರುತ್ತೆ ನೋಡಿ. ಕೆಳಗೆ ಬೇಯದೆ ಸಟ್ಟುಗ ಹಾಕಿದರೆ ಅರ್ಧ ಕಾವಲಿಗೆ, ಅರ್ಧ ಸಟ್ಟುಗಕ್ಕೆ. ನಮ್ಮಮ್ಮ ಮೊದಲ ದೋಸೆಯನ್ನು ಯಾರಿಗೂ ಬಡಿಸುತ್ತಿರಲಿಲ್ಲ. ನಮ್ಮಲ್ಲಿ ಮೊದಲ ದೋಸೆಯೇ ಜಿಲ್ಲೆಗೆಲ್ಲ ಫಾರ್ವರ್ಡ್ ಆಗುತ್ತದೆ.

2007ರಲ್ಲಿ ಅಮೆರಿಕದ ಕೊಲರಾಡೊದ ವುಡ್‌ಲ್ಯಾಂಡ್ ಪಾರ್ಕ್ ಅನ್ನೋ ಊರಲ್ಲಿ ಬರ್ಗ್‌ಮನ್, ಸ್ಯಾಮ್ಸ್ ಅನ್ನುವ ಇಬ್ಬರು ರಸಾಯನಶಾಸ್ತ್ರದ ಮೇಷ್ಟ್ರುಗಳು ಈ ಮಗುಚಿದ ತರಗತಿಯನ್ನು ಶುರು ಮಾಡಿದ್ದು, ಕ್ಲಾಸ್ ತಪ್ಪಿಸಿಕೊಂಡ ಮಕ್ಕಳಿಗಾಗಿ. ಇಬ್ಬರೂ ಸೇರಿ ಪಾಠ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಬೇರೆ ಊರಿನ ಮೇಷ್ಟ್ರುಗಳೂ ಬಳಸಿಕೊಂಡರು. ಎಲ್ಲರೂ ತೆರೆದು ನೋಡಿರಬೇಕು, ಪಾಪ.

2002ರಲ್ಲೇ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಬಂತು, ಅಂದರೆ ನನ್ನ ಕೆಲಸವನ್ನು ಬೇರೆಯವರೂ ಬಳಸಬಹುದು ಅಂತ ಮಾಡಿದವರೇ ಮೊದಲೇ ಕೊಡುವ ಅನುಮತಿ. ಅದರಲ್ಲಿ ತೀರಾ ಸರಳವಾದದ್ದು ಹೇಳೋದು ಇಷ್ಟೇ: ತಗೋ, ತಿದ್ದು, ಹಂಚು, ಮಾಡಿದವರ ಹೆಸರು ಹೇಳು. ನಮ್ಮವರು ನಾಲ್ಕರಲ್ಲಿ ಎರಡನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.

ತಿದ್ದೋಣ ಅಂದರೂ ಆಗಬೇಕಲ್ಲ! ಮೂಲ ಫೈಲು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಹಳೇ ಫಾಂಟಿನಲ್ಲಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ, ಟೋಪಿ ಬಂದು ನರ್ತಿಸುತ್ತವೆ. ಅದಕ್ಕೇ ಪ್ರಿಂಟ್ ತೆಗೆದು, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ ಕಳಿಸುತ್ತಾರೆ. ಒಂದು ಪುಟದಲ್ಲಿ ಯಾರದೋ ಹೆಬ್ಬೆರಳೂ ಬಂದಿರುತ್ತದೆ. ನ್ಯಾಯವಾಗಿ ಸಂಪನ್ಮೂಲ ವ್ಯಕ್ತಿ ಅಂದರೆ ಅವರೇ.

ತರಬೇತಿ ಮುಗಿದ ಮೇಲೆ ಗೂಗಲ್ ಫಾರ್ಮ್ ಬಂತು. ‘ಎಷ್ಟು ಶೇಕಡಾ ಮಕ್ಕಳು ಮನೆಯಲ್ಲಿ ವಿಡಿಯೊ ನೋಡಿದರು?’ ನನ್ನ ಕ್ಲಾಸಿನ ಹುಡುಗಿಯೊಬ್ಬಳ ಮನೆಯಲ್ಲಿ ಇರೋದು ಒಂದೇ ಫೋನು. ಅದು ಅವರಪ್ಪನ ಜೊತೆ ಲಾರಿಯಲ್ಲಿ ಹುಬ್ಬಳ್ಳಿಗೆ ಹೋಗಿರುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಆ ಫೋನನ್ನು ಎಲ್ಲಿ ಹಾಕಲಿ? ಎಲ್ಲರೂ 100 ಹಾಕಿದರು. ನಾನೂ ಹಾಕಿದೆ.

ಇದು ತಮಾಷೆ ಅಲ್ಲ. ಒಂದು ಪಾಠಕ್ಕೆ ನೆಟ್ಟಗೆ ವಿಡಿಯೊ ಮಾಡಲು ನನಗೆ ಮೂರು ರಾತ್ರಿ ಬೇಕು. ಹಗಲೆಲ್ಲ ಮೊಟ್ಟೆ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಸಮೀಕ್ಷೆ. ಇನ್ನೊಬ್ಬರು ಮಾಡಿದ್ದನ್ನು ತಗೊಂಡು ನಮ್ಮ ಮಕ್ಕಳಿಗೆ ತಕ್ಕ ಹಾಗೆ ತಿದ್ದಿಕೊಳ್ಳದೆ ನಮಗೆ ಬೇರೆ ದಾರಿಯೇ ಇಲ್ಲ. ನನ್ನ ಹೆಸರು ಹೋದರೆ ಹೋಗಲಿ. ನಾಲ್ಕು ವರ್ಷದಲ್ಲಿ ಒಬ್ಬರಾದರೂ ಆ ಲೆಕ್ಕ ಮಾಡಿ ನೋಡಬಾರದಿತ್ತಾ? ಎಷ್ಟು ಮಕ್ಕಳು 18 ಅಂತ ಬರೆದು ಅಂಕ ಕಳೆದುಕೊಂಡರೋ.

ರಾತ್ರಿಯೇ ಕೂತು ತಿದ್ದಿ, ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಹಾಕಿ, ‘ಉತ್ತರ 4 ಓಮ್, ಹಳೆಯದನ್ನು ಅಳಿಸಿ’ ಅಂತ ಗ್ರೂಪಿಗೆ ಕಳಿಸಿದೆ. 18ಕ್ಕೆ ಹೆಬ್ಬೆರಳು ಎತ್ತಿದ್ದವರೇ 4ಕ್ಕೂ ಎತ್ತಿದರು. ಬೆಳಗ್ಗೆ ನೋಡಿದರೆ ಇನ್ನೊಂದು ಗ್ರೂಪಿನಿಂದ 18 ಮತ್ತೆ ಬಂದಿತ್ತು.